ಮೇಣದ ದಾರ

ದೂರು ಬಂದದ್ದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ. ದೂರುದಾರನ ಬಲಗೈಗೆ ಪಟ್ಟಿ ಕಟ್ಟಿ ಕುತ್ತಿಗೆಗೆ ನೇತುಹಾಕಿದ್ದರು, ಗಲ್ಲಕ್ಕೆ ಹೊಲಿಗೆ ಬಿದ್ದಿತ್ತು, ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಯಾವುದೋ ವಿಮಾ ಕಂಪನಿಯಲ್ಲಿ ಮ್ಯಾನೇಜರ್ ಅಂತೆ. ಕುರ್ಚಿ ಸರಿಯಿಲ್ಲ, ಫ್ಯಾನು ಸರಿಯಿಲ್ಲ, ತನ್ನಂಥವನನ್ನು ಕಾಯಿಸಿದ್ದಂತೂ ಸರಿಯೇ ಇಲ್ಲ ಎಂದೆಲ್ಲ ಹೇಳಿ ಮುಗಿಸಿ ಆಮೇಲೆ ವಿಷಯಕ್ಕೆ ಬಂದ. ಅಷ್ಟರಲ್ಲಿ ಇನ್ಸ್‌ಪೆಕ್ಟರಿಗೆ ಮೈ ಉರಿದುಹೋಗಿತ್ತು. ಜೊತೆಗೆ ಬಂದಿದ್ದ ಹೆಂಡತಿ ನೆಲ ನೋಡುತ್ತ ಕೂತಿದ್ದಳು.

ಅವನದೊಂದು ಎಲೆಕ್ಟ್ರಿಕ್ ಸೈಕಲ್ಲು. ಹಗುರವಾಗಿದ್ದ ಅದಕ್ಕೆ ಆರು ತಿಂಗಳ ಹಿಂದೆ ದೊಡ್ಡ ಮೋಟರು, ದೊಡ್ಡ ಬ್ಯಾಟರಿ ಹಾಕಿಸಿದ್ದ. ಒಂದು ಗುಂಡಿ ಒತ್ತಿದರೆ ಹಿಡಿಕೆ ತಿರುವದೆಯೇ ಅದೇ ವೇಗದಲ್ಲಿ ಓಡುತ್ತದೆ. ಬ್ರೇಕ್ ಹಿಡಿದರೆ ಮಾತ್ರ ಮೋಟರು ನಿಲ್ಲುತ್ತದೆ. ಸೋಮವಾರ ಕೆಲಸಕ್ಕೆ ಹೋಗುವಾಗ ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಹಿಡಿದ. ಮೋಟರು ನಿಲ್ಲದೆ ತಳ್ಳುತ್ತಲೇ ಹೋಯಿತು. ಕೊನೆಗೆ ಅವನನ್ನು ನಿಲ್ಲಿಸಿದ್ದು ಯಾರದೋ ಕಾಂಪೌಂಡು ಗೋಡೆ.

"ಯಾರ ಮೇಲಾದ್ರೂ ಅನುಮಾನ?"

"ಅನುಮಾನ ಅಲ್ಲ ಸಾರ್, ಖಾತ್ರಿ. ಕೆಳಗಿನ ಮನೆ ಡ್ರಿಲ್ ಮಾಸ್ತರು."

ಎರಡೂ ಮನೆಗಳದು ಎಣ್ಣೆ ಸೀಗೆಕಾಯಿ ಸಂಬಂಧ. ಭಾರದ ಬ್ಯಾಟರಿ ಹಾಕಿಸಿದ ಮೇಲೆ ಸೈಕಲ್ಲನ್ನು ಮೊದಲ ಮಹಡಿಗೆ ಹೊತ್ತೊಯ್ಯುವುದು ನಿಂತು, ಅದು ಮೆಟ್ಟಿಲ ಬುಡದಲ್ಲಿ, ನಿವೃತ್ತ ಡ್ರಿಲ್ ಮಾಸ್ತರರ ಬಾಗಿಲಿಗೆ ಅಡ್ಡವಾಗಿ ನಿಲ್ಲುತ್ತಿತ್ತು. ಮಾಸ್ತರರು ಒಮ್ಮೆ ಗಾಳಿ ಬಿಟ್ಟಿದ್ದರು. ಹೋದ ವಾರ ಬೀದಿಗೆಲ್ಲ ಕೇಳುವಂತೆ, ವೈರು ಕಿತ್ತು ಕೈಗೆ ಕೊಡುತ್ತೇನೆ ಎಂದು ಕೂಗಿದ್ದರು. ಇದಕ್ಕಿಂತ ಸಲೀಸಾದ ಕೇಸು ಇನ್ನೆಲ್ಲಿ ಸಿಗುತ್ತದೆ? ಎಫ್‌ಐಆರ್ ದಾಖಲಾಯಿತು, ಮಧ್ಯಾಹ್ನದೊಳಗೆ ಮಾಸ್ತರರು ಠಾಣೆಯ ಬೆಂಚಿನ ಮೇಲಿದ್ದರು.

"ಗಾಳಿ ಬಿಟ್ಟಿದ್ದು ನೀವೇನಾ?"

"ನಾನೇ. ನಾಳೆ ಅಲ್ಲೇ ನಿಲ್ಲಿಸಿದ್ರೆ ನಾಳೆನೂ ಬಿಡ್ತೀನಿ."

"ವೈರು?"

"ಕೀಳೋದಿದ್ರೆ ಅವನ ಮುಖದ ಮುಂದೇನೇ ಕೀಳ್ತಿದ್ದೆ. ಕದ್ದು ಮಾಡೋನಲ್ಲ ನಾನು."

ಇನ್ಸ್‌ಪೆಕ್ಟರಿಗೆ ಈ ಮನುಷ್ಯನೂ ಹಿಡಿಸಲಿಲ್ಲ. ಬೀದಿಯಲ್ಲಿ ವಿಚಾರಿಸಿ ಬಂದ ಹೆಡ್ ಕಾನ್ಸ್‌ಟೆಬಲ್, ಮಾಸ್ತರರ ಪರ ಒಂದು ಒಳ್ಳೆಯ ಮಾತೂ ಹುಟ್ಟಲಿಲ್ಲ ಎಂದ. ಜೊತೆಗೆ ಇನ್ನೊಂದು ಸಂಗತಿಯನ್ನೂ ಹೇಳಿದ. ಮಾಸ್ತರರ ಹೆಂಡತಿ ಹಾಸಿಗೆ ಹಿಡಿದು ವರ್ಷವಾಗಿದೆ. ತುತ್ತು ತಿನ್ನಿಸುವುದಕ್ಕೂ, ಮಗ್ಗುಲು ಬದಲಿಸುವುದಕ್ಕೂ ಅವರೊಬ್ಬರೇ. ನಾಳೆ ಕೋರ್ಟಿಗೆ ಹಾಜರುಪಡಿಸಿ ಜೈಲಿಗೆ ಕಳಿಸಿದರೆ ಆಕೆಗೆ ಯಾರೂ ಇಲ್ಲ. ಇನ್ಸ್‌ಪೆಕ್ಟರ್ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟ. ಗಾಡಿಯನ್ನು ಬಿಚ್ಚಿಸಿ ನೋಡಿಯೇ ಮುಂದಿನ ಮಾತು ಎಂದುಕೊಂಡ.

ಪಂಚನಾಮೆ ಠಾಣೆಯ ಅಂಗಳದಲ್ಲೇ ನಡೆಯಿತು. ನಜ್ಜುಗುಜ್ಜಾದ ಸೈಕಲ್ಲನ್ನು ಮೇಜಿನ ಮೇಲೆ ಎತ್ತಿಡಲು ಹೋದ ಹೆಡ್ ಕಾನ್ಸ್‌ಟೆಬಲ್ ಸೊಂಟ ಹಿಡಿದುಕೊಂಡು ಇನ್ನಿಬ್ಬರನ್ನು ಕರೆದ. ಹೆಸರಿಗಷ್ಟೇ ಸೈಕಲ್ಲು ಎಂದು ಗೊಣಗಿದ. ಕರೆಸಿದ್ದ ಮೆಕ್ಯಾನಿಕ್ ಮುಚ್ಚಳ ತೆಗೆದು ಒಂದೊಂದೇ ವೈರನ್ನು ಹಿಂಬಾಲಿಸಿದ. ಎಲ್ಲ ವೈರುಗಳನ್ನೂ ಅಂಗಡಿಯವರು ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿದ್ದರು, ಒಂದನ್ನು ಬಿಟ್ಟು. ಬ್ರೇಕ್ ಹಿಡಿಕೆಯಿಂದ ಮೋಟರಿಗೆ ಸುದ್ದಿ ಮುಟ್ಟಿಸುವ ವೈರನ್ನು ಕತ್ತರಿಸಲಾಗಿತ್ತು. ಕತ್ತರಿಸಿದ ಎರಡು ತುದಿಗಳಿಗೂ ಬೇರೆಬೇರೆಯಾಗಿ ಟೇಪು ಸುತ್ತಿ, ಒಳಕ್ಕೆ ಮಡಚಿ, ಮೇಣ ಹಚ್ಚಿದ ದಾರದಿಂದ ಸಮ ಅಂತರದಲ್ಲಿ ಗಂಟು ಹಾಕಿ ಬಿಗಿಯಲಾಗಿತ್ತು. ತಾಯಿ ಮಗಳ ಜಡೆ ಹೆಣೆದಷ್ಟು ಅಚ್ಚುಕಟ್ಟು.

"ಇದು ಸಿಟ್ಟಲ್ಲಿ ಕಿತ್ತಿದ್ದಲ್ಲ ಸಾರ್. ತುದಿ ತಾಗಿ ಗಾಡಿ ಸುಡಬಾರದು ಅಂತ ಕಟ್ಟಿದಾರೆ," ಎಂದ ಮೆಕ್ಯಾನಿಕ್.

ಸವಾರನ ಮೂಳೆ ಮುರಿದರೂ ಪರವಾಗಿಲ್ಲ, ಗಾಡಿಗೆ ಏನೂ ಆಗಬಾರದು. ಹೀಗೆ ಯೋಚಿಸುವವನು ಗಾಳಿ ಬಿಡುವ ಮಾಸ್ತರನಂತೂ ಅಲ್ಲ. ಇನ್ಸ್‌ಪೆಕ್ಟರ್ ಟೋಪಿ ಹಾಕಿಕೊಂಡು ಎದ್ದ.

ದೂರುದಾರನ ಮನೆ ಮುಟ್ಟಿದಾಗ ನಾಲ್ಕು ಗಂಟೆ. ಕರೆಗಂಟೆ ಒತ್ತಲು ಕೈಯೆತ್ತಿದವನು ಹಾಗೇ ನಿಂತ. ಗಂಟೆಯ ವೈರು ಬಾಗಿಲ ಚೌಕಟ್ಟಿನ ಗುಂಟ ಹೋಗಿತ್ತು, ಅದೇ ಮೇಣದ ದಾರ, ಅದೇ ಗಂಟು. ಒಳಗೆ ಟೀವಿಯ ವೈರಿಗೂ ಅದೇ. ಇದು ಯಾರ ಕೈಕೆಲಸ ಎಂದು ಕೇಳಿದ.

"ಅಪ್ಪಂದು. ಟೆಲಿಫೋನ್ ಎಕ್ಸ್‌ಚೇಂಜಲ್ಲಿ ವೈರು ಕಟ್ಟೋ ಕೆಲಸ ಅವರದು. ಅಲ್ಲಿ ಹೀಗೇ..." ಎನ್ನುತ್ತ ಹೆಂಡತಿ ತಟ್ಟನೆ ಬಾಯಿ ಮುಚ್ಚಿದಳು.

ಗಂಡ ಸೋಫಾದಿಂದಲೇ ಹೇಳಿದ: "ಮಾವನಿಗೆ ಮಾಡೋಕೆ ಬೇರೆ ಕೆಲಸ ಇಲ್ಲ. ನನ್ನ ಗಾಡಿ ಮಾತ್ರ ಮುಟ್ಟಬೇಡಿ ಅಂದಿದೀನಿ."

ಮುದುಕ ಪಕ್ಕದ ಕೋಣೆಯಲ್ಲಿ ಬೀದಿ ಕಡೆಯ ಕಿಟಕಿಯ ಬಳಿ ಕೂತಿದ್ದ. ಇನ್ಸ್‌ಪೆಕ್ಟರ್ ಗಾಡಿಯಿಂದ ಬಿಚ್ಚಿಸಿ ತಂದಿದ್ದ ವೈರಿನ ತುಂಡನ್ನು ಎದುರಿಗಿಟ್ಟ. ಮುದುಕ ಕನ್ನಡಕ ಹಾಕಿಕೊಂಡು ನೋಡಿ, ನಿರಾಕರಿಸುವ ಗೋಜಿಗೇ ಹೋಗಲಿಲ್ಲ.

"ನಂದೇ ಗಂಟು."

"ಕತ್ತರಿಸಿ ಹಾಗೇ ಬಿಟ್ಟಿದ್ರೆ ಸಿಕ್ಕಿಬೀಳ್ತಿರ್ಲಿಲ್ಲ, ಯಜಮಾನ್ರೇ."

"ಬರೀ ತುದಿ ಬಿಡೋಕೆ ಕೈ ಬರ್ಲಿಲ್ಲ."

ಹೇಳಿಕೆ ಬರೆದುಕೊಂಡರು. ಸೈಕಲ್ಲು ಮೊದಲಿಗೆ ಮುದುಕನದೇ. ಸೊಂಟದ ಕೀಲು ಸವೆದು ನಡೆದರೆ ಪ್ರಾಣ ಹೋಗುವಷ್ಟು ನೋವು; ಪೆಡಲು ತುಳಿದರೆ ನೋವಿಲ್ಲ. ಹಾಗಾಗಿ ಇದ್ದದ್ದರಲ್ಲೇ ಹಗುರವಾದ ಬಿಡಿಭಾಗ ಹುಡುಕಿ ಅದನ್ನು ತಾನೇ ಜೋಡಿಸಿದ್ದ. ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದ. ಭಾನುವಾರ ಬಂತೆಂದರೆ ಚೈನಿಗೆ ಎಣ್ಣೆ, ಚಕ್ರಕ್ಕೆ ಗಾಳಿ, ಬ್ರೇಕಿನ ಬಿಗಿ. ಬೆಳಗಾದರೆ ಮುಖ್ಯರಸ್ತೆಯ ಚಹಾದಂಗಡಿ, ಅಲ್ಲಿ ಎಕ್ಸ್‌ಚೇಂಜಿನ ಹಳೇ ಗೆಳೆಯರು. ಒಂದು ಮಧ್ಯಾಹ್ನ ಅವನು ಮಲಗಿದ್ದಾಗ ಅಳಿಯ ಸೈಕಲ್ಲನ್ನು ಅಂಗಡಿಗೆ ಒಯ್ದ. ಮುದುಕರ ಸೈಕಲ್ಲನ್ನು ಗಂಡಸರ ಗಾಡಿ ಮಾಡಿಸಿದೆ ಎಂದು ಬಂದವರಿಗೆಲ್ಲ ಹೇಳಿ ನಕ್ಕ. ಆಮೇಲೆ ಮುದುಕನಿಗೆ ಅದನ್ನು ಸ್ಟ್ಯಾಂಡಿನಿಂದ ಇಳಿಸಲೂ ಆಗಲಿಲ್ಲ.

"ಸಾಯಲಿ ಅಂತ ಮಾಡ್ಲಿಲ್ಲ ಸಾರ್. ಒಂದ್ಸಲ ಬೀಳಲಿ ಅಂತ ಮಾಡ್ದೆ. ಬಿದ್ರೆ ಆ ಭಾರ ಎಲ್ಲ ತೆಗೆಸ್ತಾನೆ ಅನ್ಕೊಂಡೆ."

ಇನ್ಸ್‌ಪೆಕ್ಟರಿಗೆ ಪಾಪ ಅನ್ನಿಸಿತು. ಆದರೂ ಕೇಳಿದ: "ಮಾಸ್ತರನ್ನ ನಾವು ಕರ್ಕೊಂಡು ಹೋಗಿದ್ದು ನೋಡಿದ್ರಾ?"

"ಈ ಕಿಟಕಿಯಿಂದಾನೇ ನೋಡ್ದೆ."

"ಅವರ ಹೆಂಡತಿ ಸ್ಥಿತಿ ಗೊತ್ತಿತ್ತಾ?"

"ಗೊತ್ತಿತ್ತು," ಎಂದು ಮುದುಕ ತಲೆ ತಗ್ಗಿಸಿದ.

ಹುಟ್ಟಿದ ಮರುಕದಲ್ಲಿ ಅರ್ಧ ಅಲ್ಲೇ ಆರಿಹೋಯಿತು. ಮಾಸ್ತರರನ್ನು ಬಿಟ್ಟು ಕಳಿಸುವಂತೆ ಠಾಣೆಗೆ ಫೋನು ಮಾಡಿ, ಐದು ಹತ್ತಕ್ಕೆ ದಸ್ತಗಿರಿ ಎಂದು ಬರೆಸಿದ. ಮಗಳು ಅಪ್ಪನ ಸ್ವೆಟರು, ಗುಳಿಗೆಗಳನ್ನು ಚೀಲಕ್ಕೆ ತುಂಬಿ ಕೊಟ್ಟಳು. ಅಳಿಯ ಮಾತ್ರ, ಗಾಡಿ ವಾಪಸು ಸಿಗುವುದು ಯಾವಾಗ ಎಂದು ಬಾಗಿಲವರೆಗೂ ಬಂದು ಕೇಳಿದ. ಹೆಂಡತಿ ಅವನ ಮುಖವನ್ನೇ ಒಮ್ಮೆ ದಿಟ್ಟಿಸಿ ಒಳಗೆ ಹೋದಳು.

ಜೀಪು ಮುಖ್ಯರಸ್ತೆಗೆ ತಿರುಗಿದಾಗ ಮುದುಕ ಕೂತಲ್ಲಿಂದ ಅರ್ಧ ಎದ್ದು ಹೊರಗೆ ಇಣುಕಿದ. ಮೂಲೆಯಲ್ಲಿ ಹೊಸದೊಂದು ಮೊಬೈಲ್ ಅಂಗಡಿ ಝಗಝಗಿಸುತ್ತಿತ್ತು.

"ಇಲ್ಲೊಂದು ಚಹಾದಂಗಡಿ ಇತ್ತಲ್ಲ?"

"ಅದು ಮುಚ್ಚಿ ತಿಂಗಳುಗಟ್ಟಲೆ ಆಯ್ತಲ್ಲ, ಯಜಮಾನ್ರೇ," ಎಂದ ಹೆಡ್ ಕಾನ್ಸ್‌ಟೆಬಲ್.

ಮುದುಕ ಮತ್ತೆ ಕೂತ. "ಮನೇಲಿ ಯಾರೂ ಹೇಳ್ಲೇ ಇಲ್ಲ," ಎಂದ.