ಹೆಸರಿಡದೆ ಬಿಟ್ಟ ಒಂದು ಫೈಲ್

"ನಮ್ಮಮ್ಮನ ಧ್ವನಿ ಎಲ್ಲಿ?"

ಅಂಗಡಿಯ ಬಾಗಿಲು ಪೂರ್ತಿ ತೆರೆಯುವ ಮೊದಲೇ ಅವಳ ಪ್ರಶ್ನೆ ಒಳಗೆ ಬಂದಾಗಿತ್ತು. ಮೇಜಿನ ಹಿಂದೆ ಕೂತಿದ್ದವನು ತಲೆಯೆತ್ತಿದ. ಕೆಟ್ಟುಹೋದ ಕಂಪ್ಯೂಟರುಗಳಿಂದ ಜನರ ಫೋಟೋ, ಹಾಡು, ಪತ್ರಗಳನ್ನು ಹೊರಗೆಳೆದು ಕೊಡುವುದು ಅವನ ಕೆಲಸ. ಬೀದಿಯವರೆಲ್ಲ ಅವನನ್ನು ಡಿಸ್ಕ್ ಡಾಕ್ಟರ್ ಎನ್ನುತ್ತಿದ್ದರು. ಡಾಕ್ಟರ ಕನ್ನಡಕದ ಕಡ್ಡಿಗೆ ಮಾತ್ರ ಟೇಪು ಸುತ್ತಿತ್ತು.

ಅವಳಿಗೆ ಅದೂ ಸಿಟ್ಟು ತರಿಸಿತು. ತನ್ನ ಕನ್ನಡಕವನ್ನೇ ನೆಟ್ಟಗೆ ಇಟ್ಟುಕೊಳ್ಳದವನ ಕೈಗೆ ಸೋದರಮಾವ ಅಮ್ಮನ ಡಿಸ್ಕ್ ಕೊಟ್ಟು ಬಂದಿದ್ದನಲ್ಲ!

ಅಮ್ಮ ಶಿಶುವಿಹಾರದ ಟೀಚರ್. ಗಂಟಲಿನ ಆಪರೇಷನ್ ಆದಮೇಲೆ ಧ್ವನಿ ಬರುವುದಿಲ್ಲವೆಂದು ತಿಳಿದ ದಿನದಿಂದ ಕಥೆ, ಜೋಗುಳ, ಬೈಗುಳ ಎಲ್ಲವನ್ನೂ ರೆಕಾರ್ಡ್ ಮಾಡತೊಡಗಿದ್ದಳು. ಒಟ್ಟು ಇನ್ನೂರಹನ್ನೆರಡು. ಕೊನೆಯದನ್ನು ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ ಮಾಡಿದ್ದು. ಅದರ ಹೆಸರು 'ಮಗಳಿಗೆ ಮಾತ್ರ'.

ಅಮ್ಮ ಈಗ ಸ್ಲೇಟಿನಲ್ಲಿ ಬರೆದು ಮಾತಾಡುತ್ತಾಳೆ. ಮಗಳು ಆ ಕೊನೆಯ ಫೈಲನ್ನು ತೆರೆಯಲೇ ಇಲ್ಲ. ಕೇಳಿಬಿಟ್ಟರೆ ಅಮ್ಮನ ಹೊಸ ಮಾತು ಇನ್ನೊಂದೂ ಉಳಿಯುವುದಿಲ್ಲವೆಂಬ ಭಯ. ನಾಳೆ, ನಾಳಿದ್ದು ಎನ್ನುತ್ತಿರುವಾಗಲೇ ಡಿಸ್ಕ್ ಕೈಕೊಟ್ಟಿತು. ಹೆಸರುಗಳು ಕಾಣುತ್ತಿದ್ದವು, ಫೈಲು ಒಂದೂ ತೆರೆಯುತ್ತಿರಲಿಲ್ಲ.

ಇವತ್ತು ಮಾವ ಹಳೆಯದರ ಜೊತೆ ಹೊಸ ಡಿಸ್ಕ್ ತಂದುಕೊಟ್ಟ ಕೂಡಲೇ ಅವಳು ಪರದೆಯ ಮೇಲೆ ಹಳೆಯ ಫೋಲ್ಡರ್ ಎಡಕ್ಕೆ, ಹೊಸದು ಬಲಕ್ಕೆ ಇಟ್ಟು ಹೆಸರಿಗೆ ಹೆಸರು ಹೋಲಿಸಿದ್ದಳು. ಇನ್ನೂರಹನ್ನೊಂದು ಸರಿಹೊಂದಿದವು. ಬಲಕ್ಕೆ ಇಲ್ಲದಿದ್ದದ್ದು 'ಮಗಳಿಗೆ ಮಾತ್ರ' ಒಂದೇ.

"ಬೇರೆ ಯಾವುದು ಹೋಗಿದ್ರೂ ಸುಮ್ನಿರ್ತಿದ್ದೆ," ಎನ್ನುತ್ತ ಅವಳು ಹೊಸ ಡಿಸ್ಕನ್ನು ಮೇಜಿನ ಮೇಲಿಟ್ಟಳು.

ಅವನು ತನ್ನಲ್ಲಿದ್ದ ಪ್ರತಿಯನ್ನು ತೆರೆದು, ಪರದೆಯನ್ನು ಅವಳ ಕಡೆ ತಿರುಗಿಸಿದ.

"ಹಳೇದರಲ್ಲಿರೋದು ಹೊಸದರಲ್ಲಿ ಇದೆಯಾ ಅಂತ ನೋಡಿದೀರಿ. ಹೊಸದರಲ್ಲಿ ಏನಾದ್ರೂ ಹೆಚ್ಚಿಗೆ ಇದೆಯಾ ಅಂತ ನೋಡಿದ್ರಾ? ನೀವು ಕಣ್ಣು ಪರೀಕ್ಷೆ ಮಾಡೋರು... ಒಂದೇ ಕಣ್ಣು ನೋಡಿ ಚೀಟಿ ಬರ್ದುಕೊಡ್ತೀರಾ?"

ತಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವುದು ಇವನಿಗೆ ಹೇಗೆ ಗೊತ್ತು?

ಅವನ ಬೆರಳು ಬಲಗಡೆಯ ಪಟ್ಟಿಯ ಕಟ್ಟಕಡೆಗೆ ಹೋಗಿ ನಿಂತಿತು. ಅಲ್ಲಿ ಹೆಸರಿಲ್ಲದೆ ಬರೀ ಅಂಕಿಯಿದ್ದ ಒಂದು ಫೈಲ್ ಒಂಟಿಯಾಗಿತ್ತು.

ಆಗ ಅವನು ನಿಧಾನವಾಗಿ ಬಿಡಿಸಿ ಹೇಳಿದ. ಡಿಸ್ಕಿನಿಂದ ಹೊರಬಂದ ಫೈಲುಗಳಿಗೆಲ್ಲ ಅಂಕಿಯಷ್ಟೇ ಇತ್ತು. ಯಾವ ಧ್ವನಿಗೆ ಯಾವ ಹೆಸರು ಎಂದು ಯಂತ್ರಕ್ಕೆ ತಿಳಿಯದು. ಅವನೇ ಒಂದು ತಿಂಗಳು ಒಂದೊಂದನ್ನೂ ಕೇಳಿ, ಅಮ್ಮ ಇಟ್ಟಿದ್ದ ಹೆಸರನ್ನು ಹುಡುಕಿ ಇಟ್ಟಿದ್ದ.

"ಹಾಗಾದ್ರೆ ಇದಕ್ಕೆ ಯಾಕೆ ಇಡಲಿಲ್ಲ?"

"ಕೇಳಲಿಲ್ಲ. 'ಇದು ನಿನಗೊಬ್ಬಳಿಗೇ ಕಣೇ' ಅಂದ್ರು ನಿಮ್ಮಮ್ಮ. ಅಲ್ಲಿಗೇ ನಿಲ್ಲಿಸಿಬಿಟ್ಟೆ. ಯಾವುದು ಅಂತ ಊಹೆ ಇತ್ತು. ಆದ್ರೆ ಪೂರ್ತಿ ಕೇಳದೆ ಹೆಸರಿಡೋಕೆ ಮನಸ್ಸಾಗಲಿಲ್ಲ. ನಿಮ್ಮ ಮಾವನಿಗೆ ಹೇಳಿ ಕಳಿಸಿದ್ದೆ."

ಮಾವ ಅದನ್ನು ಹೇಳಲು ಮರೆತೇಬಿಟ್ಟಿದ್ದ.

ಅವಳಿಗೆ ನಾಚಿಕೆಯಾಯಿತು. ಅವನು ಹೆಡ್‌ಫೋನ್ ಕೊಟ್ಟು, ತಾನು ಅಂಗಡಿಯ ಹೊರಗೆ ಹೋಗಿ ಬೀದಿಗೆ ಮುಖ ಮಾಡಿ ನಿಂತ.

"ಇದು ನಿನಗೊಬ್ಬಳಿಗೇ ಕಣೇ, ಗಿಣಿಮರಿ. ನಾಳೆಯಿಂದ ಬೈಯೋಕಾಗಲ್ಲ, ಅದಕ್ಕೆ ಬಾಕಿ ಇರೋದನ್ನೆಲ್ಲ ಇವತ್ತೇ ಬೈತೀನಿ. ಒದ್ದೆ ಕೂದಲಲ್ಲಿ ಮಲಗಬೇಡ. ಇನ್ನೊಂದು... ನಿನಗೆ ಒಳ್ಳೇದು ಮಾಡಿದವರ ಮೇಲೇ ಮೊದಲು ಜಗಳ ತೆಗೀತೀಯಲ್ಲ, ಆ ಚಾಳಿ ಬಿಡು. ಅವರಿಗೆ ಥ್ಯಾಂಕ್ಸ್ ಹೇಳಿ ಬಾ, ಹೋಗು."

ಅವಳು ನಗುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮ ಬೈಯುವುದನ್ನು ಕೇಳಿ ಎಷ್ಟು ದಿನವಾಗಿತ್ತು...

ಹೊರಗೆ ಬಂದು ಅವಳು ಹೇಳಿದ ಥ್ಯಾಂಕ್ಸ್ ಅರ್ಧ ಅಳುವಿನಲ್ಲೇ ಮುಳುಗಿತು. ಅವನಿಗೆ ಅರ್ಥವಾಯಿತು.

ಮನೆಯಲ್ಲಿ ನಡೆದದ್ದನ್ನೆಲ್ಲ ಅಮ್ಮನ ಮುಂದೆ ಒಪ್ಪಿಸಿದಳು. ಅಮ್ಮ ಸ್ಲೇಟಿನಲ್ಲಿ ಏನೋ ಬರೆದು ಅವಳ ಮುಖದೆದುರು ಹಿಡಿದಳು. ಮಗಳ ಕೆನ್ನೆ ಕೆಂಪಾಯಿತು.

ಮರುದಿನ ಮಧ್ಯಾಹ್ನ ಅವಳು ಮತ್ತೆ ಬಂದಳು. ಅವನ ಟೇಪು ಸುತ್ತಿದ ಕನ್ನಡಕವನ್ನು ಕೇಳದೆಯೇ ತೆಗೆದುಕೊಂಡು, ಹೊಸ ಕಡ್ಡಿ ಕೂರಿಸಿ, ತಾನೇ ಅವನ ಕಿವಿಗೆ ಸಿಕ್ಕಿಸಿದಳು.

ಅವನು ಹೊಸ ಕಡ್ಡಿಯನ್ನು ಮುಟ್ಟಿ ನೋಡಿಕೊಂಡ. "ಒಂದು ತಿಂಗಳು ದಿನಾ ನಿಮ್ಮ ಸುದ್ದೀನೇ ಕೇಳಿದೀನಿ. ನಿಮ್ಮ ಹಟ, ನಿಮ್ಮ ಒದ್ದೆ ಕೂದಲು... ಮುಖ ನೋಡೋ ಮೊದಲೇ ಇಷ್ಟವಾಗಿಬಿಟ್ರಿ. ಆ ಇಷ್ಟ ನಿಮ್ಮ ಕಡೆ ಇದೆಯೋ ಇಲ್ವೋ ಗೊತ್ತಿಲ್ಲ. ನನ್ನ ಕಡೆ ಇದೆ."

ಒದ್ದೆ ಕೂದಲಿನ ಬೈಗುಳ ಅಮ್ಮನಿಗೆ ಆ ಒಂದು ಫೈಲಿನಲ್ಲಿ ಸಾಕಾಗದೆ ಬೇರೆಯವುಗಳಲ್ಲೂ ಇದೆಯೆಂದು ಅವಳಿಗೆ ಆಗ ತಿಳಿಯಿತು. ಅವಳು ಫೋನ್ ತೆಗೆದು, ಇಯರ್‌ಫೋನಿನ ಒಂದು ತುದಿಯನ್ನು ಅವನ ಕೈಗಿಟ್ಟಳು. ಪರದೆಯ ಮೇಲೆ 'ಮಗಳಿಗೆ ಮಾತ್ರ' ಎಂದಿತ್ತು.

ಅವನು ಕೈ ಹಿಂದೆಳೆದುಕೊಂಡ. "ಬೇಡ. ಇದು ನಿಮಗೊಬ್ಬರಿಗೇ ಅಲ್ವಾ?"

"ನಿನ್ನೆ ಅಮ್ಮ ಸ್ಲೇಟಿನಲ್ಲಿ ಬರೆದ್ಲು, 'ಆ ಹುಡುಗನಿಗೂ ಕೇಳಿಸು' ಅಂತ." ಅವಳು ಅವನ ಪಕ್ಕದ ಸ್ಟೂಲಿನ ಮೇಲೆ ಕೂತಳು. "ಅಮ್ಮ ಬರೆಯದಿದ್ರೂ ನಾನು ಬರ್ತಿದ್ದೆ."