ಎರಡು ಮಾರು ಹೊಲಿಗೆ

“ಏನು ಓದಿದ್ದೀರಿ ಅಂತ ಈಗ ನಾವು ಕೇಳಲ್ಲ. ಏನು ಕೆಲಸ ಬರುತ್ತೆ, ಅದನ್ನ ಹೇಳಿ.”

ಸಿದ್ಧ ಉಡುಪು ಕಾರ್ಖಾನೆಯ ನೇಮಕಾತಿ ಅಧಿಕಾರಿ ಹಾಗೆಂದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ. ಸರ್ಟಿಫಿಕೇಟ್ ಇಲ್ಲವೆಂದು ಐದು ಕಡೆ ಬಾಗಿಲಿಂದಲೇ ವಾಪಸಾಗಿದ್ದವಳು. ‘ಇದೂ ಒಂದು ನಾಟಕ ಇರಬೇಕು’ ಎಂದುಕೊಂಡು, ಎಣ್ಣೆ ಕಲೆ ಹಿಡಿದ ಎರಡೂ ಅಂಗೈಗಳನ್ನು ಅವನ ಮೇಜಿನ ಮೇಲೆ ಊರಿದಳು.

“ಹೊಲಿಗೆ ಯಂತ್ರ ರಿಪೇರಿ ಬರುತ್ತೆ ಸರ್. ಅಪ್ಪ ಕಲಿಸಿದ್ದು. ಸರ್ಟಿಫಿಕೇಟ್ ಅಂದ್ರೆ ಇವೆರಡೇ.”

ಅವನು ನಕ್ಕುಬಿಟ್ಟ. ಅವಳ ಕಿವಿ ಬಿಸಿಯಾಯಿತು. ‘ಎಷ್ಟು ಕೊಬ್ಬು ಇವನಿಗೆ...’

ಪಾಪ, ಅವಳಿಗೇನು ಗೊತ್ತು! ಅರ್ಜಿಯಿಂದ ಓದಿನ ಕಾಲಂ ತೆಗೆಸಿ ಕೆಲಸದ ಪರೀಕ್ಷೆ ತರಿಸಲು ಅವನು ಒಂದು ವರ್ಷ ಮೇಲಿನವರ ಜೊತೆ ಗುದ್ದಾಡಿದ್ದ. ಆ ಪರೀಕ್ಷೆ ಯಾರಿಗಾಗಿಯೋ, ಅಂಥವಳು ಕೊನೆಗೂ ಎದುರಿಗೆ ಬಂದಿದ್ದಳು. ಆ ನಗು ಖುಷಿಯದು.

ಪರೀಕ್ಷೆ ನಡೆಸಿದವರು ಮೇಸ್ತ್ರಿ. ಬಂದವರ ಹೆಸರು ಮುಚ್ಚಿದ ಲಕೋಟೆಯಲ್ಲಿ, ಹೊರಗೆ ಬರೀ ನಂಬರು; ಅವಳದು ಏಳು. ಕೆಡಿಸಿಟ್ಟ ಯಂತ್ರ ಸರಿಮಾಡಿ ಅಂಗೈಯಗಲ ಬಟ್ಟೆ ಹೊಲಿದು ಕೊಡಬೇಕು. ವಾರದ ನಂತರ ಕೆಲಸ ಸಿಕ್ಕಿತು. ನಡುಗುವ ಕೈಗಳಿಂದಾಗಿ ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದ ಅಪ್ಪ ಆ ಪತ್ರವನ್ನು ನಾಲ್ಕು ಸಲ ಓದಿಸಿಕೊಂಡರು.

ಆರು ತಿಂಗಳಲ್ಲಿ ಹೊಲಿಯುವ ಹೆಂಗಸರಿಗೆಲ್ಲ ಅವಳು ‘ಮೆಕ್ಯಾನಿಕಮ್ಮ’ ಆದಳು. ಅವನು ‘ಫಾರಂ ಸಾಹೇಬ’. ಮೇಲ್ಮಹಡಿಯ ಸಾಹೇಬ ಫಾರಂ ಹಿಡಿದು ದಿನಕ್ಕೆರಡು ಬಾರಿ ಕೆಳಗಿಳಿಯತೊಡಗಿದ. ಯಾವ ಸ್ಪ್ಯಾನರಿಗೆ ಏನನ್ನುತ್ತಾರೆಂದು ಅವಳನ್ನೇ ಕೇಳುವನು. ಹೇಳಿದ್ದನ್ನು ಮರುದಿನ ಮರೆತು ಬರುವನು. ಇಷ್ಟು ದಡ್ಡನಾದರೆ ಅಧಿಕಾರಿ ಹೇಗಾದ ಎಂದು ಹೆಂಗಸರು ಮುಸಿಮುಸಿ ನಗುತ್ತಿದ್ದರು. ಅವಳೂ ಒಳಗೊಳಗೇ ನಗುತ್ತಿದ್ದಳು. ಅವನು ಬಾರದ ದಿನ ಮಾತ್ರ ಯಂತ್ರಗಳೆಲ್ಲ ಸುಮ್ಮನೆ ಗಲಾಟೆ ಮಾಡುತ್ತಿವೆ ಅನ್ನಿಸುತ್ತಿತ್ತು.

ಹಾಲಿನಂಥ ಆ ದಿನಗಳಿಗೆ ಹುಳಿ ಹಿಂಡಿದವನು ಹಳೆಯ ಮೆಕ್ಯಾನಿಕ್. ಡಿಪ್ಲೊಮಾ ಓದಿದ ತನ್ನ ತಮ್ಮನಿಗೆ ಆ ಕೆಲಸ ಸಿಗಲಿಲ್ಲವೆಂಬ ಹೊಟ್ಟೆಯುರಿ. ಊಟದ ಹೊತ್ತಿನಲ್ಲಿ ಎಲ್ಲರೆದುರು ಹೇಳಿದ: ಪರೀಕ್ಷೆಯ ಫಾರಂನಲ್ಲಿ ಬಂದವರಿಗೆ ಹೇಳದ ಇಪ್ಪತ್ತು ನಿಮಿಷದ ಗಡುವಿತ್ತು, ಇವಳು ತೆಗೆದುಕೊಂಡದ್ದು ಮೂವತ್ತೊಂದು, ನಪಾಸಾದವಳನ್ನು ಸಾಹೇಬರೇ ಫಾರಂ ಬದಲಾಯಿಸಿ ಪಾಸು ಮಾಡಿದರು.

ಅವಳು ಊಟದ ಡಬ್ಬಿ ಮುಚ್ಚಿ ಎದ್ದಳು. ನೇರ ಮೇಲ್ಮಹಡಿಗೆ ಹೋದಳು.

“ಫಾರಂ ಬದಲಾಯಿಸಿದ್ದು ನಿಜವಾ ಸರ್?”

“ನಿಜ. ಆದ್ರೆ...”

ಆ ‘ಆದ್ರೆ’ಯನ್ನು ಕೇಳಲು ಅವಳು ನಿಲ್ಲಲಿಲ್ಲ. ‘ಅಂದ್ರೆ ನನ್ನ ಕೈಚಳಕಕ್ಕೆ ಸಿಕ್ಕ ಕೆಲಸ ಅಲ್ಲ ಇದು... ಮುಖ ನೋಡಿ ಕೊಟ್ಟದ್ದು!’ ಅಪ್ಪನಿಗೆ ಏನು ಹೇಳುವುದು? ಅವನ ಮೇಲೆ ಬೆಳೆದಿದ್ದ ಪ್ರೀತಿಯೇ ಈಗ ಅವಳಿಗೆ ಅವಮಾನವಾಗಿ ಕಂಡಿತು.

ಮರುದಿನ ರಾಜೀನಾಮೆ ಪತ್ರ ಹಿಡಿದು ನಿಂತಳು. ಹಳೆಯ ನಿಯಮದಲ್ಲೇ ಇನ್ನೊಮ್ಮೆ ಪರೀಕ್ಷೆ ಆಗಬೇಕು, ಇಪ್ಪತ್ತೇ ನಿಮಿಷ. ಸೋತರೆ ಇದು ತಗೊಳ್ಳಿ, ಅಂದಳು. ಅವನು ಏನೋ ಹೇಳಹೋದವನು, ಅವಳ ಮುಖ ನೋಡಿ ಮೇಸ್ತ್ರಿಯನ್ನು ಕರೆಸಿದ.

ಮೇಸ್ತ್ರಿ ಹಳೆಯದೊಂದು ಯಂತ್ರ ಕೆಡಿಸಿಟ್ಟರು. ಗಡಿಯಾರ ಶುರುವಾಯಿತು. ಅವಳ ಕೈ ಮಿಂಚಿನಂತೆ ಓಡಿತು. ಹದಿನೈದನೇ ನಿಮಿಷಕ್ಕೆ ಯಂತ್ರ ಸರಿಹೋಯಿತು. ಅಂಗೈಯಗಲ ಬಟ್ಟೆ ಹೊಲಿದು ಎದ್ದರೆ ಗೆದ್ದಂತೆ.

ಆದರೆ ಅಪ್ಪನ ಮಾತೊಂದಿತ್ತಲ್ಲ: ಎರಡು ಮಾರು ಹೊಲಿದು ನೋಡದೆ ಯಂತ್ರ ಯಾರಿಗೂ ಕೊಡಬೇಡ ಮಗಳೇ. ಅವಳ ಕೈ ತಾನಾಗಿಯೇ ಚಿಂದಿ ರಾಶಿಯಿಂದ ಉದ್ದನೆಯ ಬಟ್ಟೆ ಎಳೆಯಿತು. ಒಂದು ಮಾರು ಚೆನ್ನಾಗಿ ಹೋಯಿತು. ಎರಡನೆಯದರಲ್ಲಿ ದಾರ ಪಟ್ಟನೆ ಕಡಿದುಹೋಯಿತು. ಒಳಗೆಲ್ಲೋ ಮೇಸ್ತ್ರಿಗೂ ಗೊತ್ತಿಲ್ಲದ ತೊಂದರೆ.

‘ಕೊಟ್ಟುಬಿಡಲಾ? ಯಾರಿಗೆ ಗೊತ್ತಾಗುತ್ತೆ...’

ಗೊತ್ತಾಗುತ್ತೆ. ನಾಳೆ ಈ ಯಂತ್ರದ ಮುಂದೆ ಕೂರುವ ಅಕ್ಕನಿಗೆ ಗೊತ್ತಾಗುತ್ತೆ. ದಾರ ಕಡಿದಾಗಲೆಲ್ಲ ಬೈಸಿಕೊಳ್ಳುವವಳು ಅವಳು.

ಅವಳು ಮತ್ತೆ ಯಂತ್ರ ಬಿಚ್ಚಿದಳು. ಗಡುವಿನ ಗಂಟೆ ಹೊಡೆದಾಗ ದಾರ ಹಿಡಿಯುವ ಕೊಕ್ಕೆಯ ಮೇಲಿನ ಗೀರನ್ನು ಉಜ್ಜುತ್ತಾ ಕೂತಿದ್ದಳು. ಪೂರ್ತಿ ಮುಗಿಸಿ, ಎರಡು ಮಾರು ಹೊಲಿದು ಎದ್ದಾಗ ಇಪ್ಪತ್ತೊಂಬತ್ತು ನಿಮಿಷ. ಮೇಸ್ತ್ರಿ ಕಣ್ಣೊರೆಸಿಕೊಂಡು ಹೊರಗೆ ಹೋದರು.

“ಸೋತೆ ಸರ್,” ಎಂದು ಪತ್ರ ಚಾಚಿದಳು.

ಅವನು ಪತ್ರ ತೆಗೆದುಕೊಳ್ಳಲಿಲ್ಲ. ಹಳೆಯ ಪರೀಕ್ಷೆಯ ಕಡತದಿಂದ ಮಡಿಸಿದ ಬಟ್ಟೆಯೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿದ. ಎರಡು ಮಾರು ಉದ್ದ. ಮೂಲೆಯಲ್ಲಿ ಏಳು ಎಂಬ ಚೀಟಿ. ಹೊಲಿಗೆ ಒಂದು ಕಡೆ ಕಡಿದುಹೋಗಿತ್ತು, ಅಲ್ಲಿಂದಾಚೆ ಕೊನೆಯವರೆಗೂ ನೇರವಾಗಿ ಓಡಿತ್ತು.

“ಎಲ್ಲರೂ ಅಂಗೈಯಗಲ ಕೊಟ್ಟಿದ್ರು. ಏಳನೇ ನಂಬರಿಂದ ಇದು ಬಂತು. ಇಂಥವರನ್ನ ನಪಾಸು ಮಾಡಿದ್ದು ನನ್ನ ಫಾರಂ. ತಪ್ಪು ಫಾರಂದು. ಅದಕ್ಕೇ ಗಡುವು ತೆಗೆದೆ, ಎಲ್ಲರಿಗೂ. ಹೆಸರಿನ ಲಕೋಟೆ ತೆರೆದದ್ದು ಆಮೇಲೆ.”

ಅವಳ ಕಣ್ಣು ತುಂಬಿ ಬಂತು. “ಯಾಕೆ ಮೊದಲೇ ಹೇಳ್ಲಿಲ್ಲ?”

“ಲಕೋಟೆಯಲ್ಲಿ ನಿಮ್ಮ ಹೆಸರು ನೋಡಿ ತುಂಬಾ ಖುಷಿಯಾಯ್ತು. ಆ ಖುಷಿಯನ್ನ ಹೇಳೋಕೆ ಹೆದರಿಕೆಯಾಗಿ ಉಳಿದದ್ದನ್ನೂ ಹೇಳ್ಲಿಲ್ಲ.” ಅವನ ದನಿ ತಗ್ಗಿತು. “ನಿಮ್ಮ ಕಡತ ನಿನ್ನೆಯೇ ಬೇರೆಯವರಿಗೆ ಒಪ್ಪಿಸಿದೀನಿ. ಈಗ ನಾನು ಇಲ್ಲಿ ಅಧಿಕಾರಿಯಾಗಿ ನಿಂತಿಲ್ಲ. ನೀವಂದ್ರೆ ನನಗೆ ಪ್ರೀತಿ.”

ಅವಳು ಬಟ್ಟೆಯ ಮೇಲೆ ಬೆರಳಾಡಿಸಿದಳು. ಆಮೇಲೆ ರಾಜೀನಾಮೆಯನ್ನು ನಾಲ್ಕಾಗಿ ಹರಿದಳು.

“ಎರಡು ಮಾರು ನೋಡದೆ ನಾನು ಯಾವುದಕ್ಕೂ ಹೂಂ ಅನ್ನಲ್ಲ, ಗೊತ್ತಲ್ಲ?”

“ಆರು ತಿಂಗಳು ನೋಡಿದ್ದು ಸಾಲ್ದಾ?”

“ನಿನ್ನೆ ಒಂದು ಸಲ ಕಡಿದುಹೋಯ್ತಲ್ಲ...”

ಅವನು ಬಟ್ಟೆಯಲ್ಲಿ ಕಡಿದ ಜಾಗದ ಆಚೆಗಿನ ಹೊಲಿಗೆಯನ್ನು ಬೆರಳಿಟ್ಟು ತೋರಿಸಿದ. ಅವಳು ಎಣ್ಣೆ ಕೈಯಲ್ಲೇ ಆ ಬೆರಳನ್ನು ಹಿಡಿದುಕೊಂಡಳು.

“ಹೂಂ,” ಅಂದಳು.