ಅರ್ಧ ಸಕ್ಕರೆ, ಒಂದು ಗೆರೆ ಕಡಿಮೆ

ಅವನು ತಂದುಕೊಟ್ಟ ಟೀಯಲ್ಲಿ ಸಕ್ಕರೆ ಸರಿಯಾಗಿತ್ತು. ಸೂಯಿನ್‌ಗೆ ಮೊದಲ ಅನುಮಾನ ಬಂದದ್ದೇ ಅಲ್ಲಿ.

“ಅರ್ಧ ಸಕ್ಕರೆ, ಐಸ್ ಬೇಡ ಅಂತ ನಿಮಗೆ ಹೇಳಿದ್ಯಾರು?”

“ಅಂಗಡಿ ಕ್ಯೂನಲ್ಲಿ ನಿಮ್ಮ ಹಿಂದೇನೇ ಇದ್ನಲ್ಲ, ಡಾಕ್ಟ್ರಮ್ಮ,” ಎಂದ ಮಿನ್‌ಹಾನ್.

“ಇನ್ನೂ ಆಗಿಲ್ಲ.”

“ಶುಕ್ರವಾರ ಆಗ್ತೀರಲ್ಲ.”

ಕಣ್ಣು ತಗ್ಗಿಸಿ ನಕ್ಕ. ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಚೆಂದವೇ, ಇಲ್ಲವೆನ್ನುವುದಿಲ್ಲ. ಆದರೆ ಅಂಥ ಗುಳಿಗಳಲ್ಲಿ ಕಾಲು ಜಾರಿದವರ ಕಥೆಗಳನ್ನು ಅವಳು ಹಾಸ್ಟೆಲಿನಲ್ಲಿ ಬೇಕಾದಷ್ಟು ಕೇಳಿದ್ದಳು.

ಕಾವ್‌ಶುಂಗ್ ನಗರದ ಆ ಕಾಲೇಜಿನಲ್ಲಿ ಅಣುಗಳ ತೂಕ ಹೇಳುವ ಮಾಸ್ ಯಂತ್ರ ಮಿನ್‌ಹಾನ್‌ನ ಉಸ್ತುವಾರಿಯಲ್ಲಿತ್ತು. ಸೂಯಿನ್ ಮೂರು ವರ್ಷದಿಂದ ಬೆಟ್ಟದ ಬಳ್ಳಿಯೊಂದರ ಬೇರನ್ನು ಕುಟ್ಟಿ, ನೆನೆಸಿ, ಸೋಸಿ, ಅದರೊಳಗಿನ ಒಂದೇ ಒಂದು ವಸ್ತುವನ್ನು ಶುದ್ಧ ಮಾಡುತ್ತಿದ್ದಳು. ಪ್ರತಿ ಹಂತದಲ್ಲೂ ಒಂದು ಹನಿ ಯಂತ್ರಕ್ಕೆ ಹೋಗಬೇಕು. ಕಳೆದ ಮೂರು ಸಲವೂ ಒಂದೇ ತೂಕ ಬಂದಿತ್ತು. ಶುಕ್ರವಾರ ಪರೀಕ್ಷಕರ ಮುಂದೆ ನಿಂತು, ಇದು ಶುದ್ಧ, ಇದು ಹೊಸದು, ಜಗತ್ತಿನಲ್ಲಿ ಯಾರೂ ಕಂಡಿಲ್ಲ ಎಂದುಬಿಟ್ಟರೆ ಪಿಎಚ್‌ಡಿ ಕೈಸೇರುತ್ತದೆ.

ಆದರೆ ಸೀಸೆ ವಾಪಸು ಬರುವಾಗ ದ್ರವ ಒಂದು ಗೆರೆ ಕಡಿಮೆ ಇರುತ್ತಿತ್ತು. ಅವಳೇ ಪೆನ್ನಿನಲ್ಲಿ ಗುರುತು ಹಾಕಿ ನೋಡಿದಳು. ಒಂದು ಹನಿ ಸಾಕಾದಲ್ಲಿ ಉಳಿದದ್ದು ಎಲ್ಲಿಗೆ ಹೋಯಿತು? ಮಿನ್‌ಹಾನ್ ಮೊದಲಿದ್ದದ್ದು ತೈಪೆಯ ಒಂದು ಲ್ಯಾಬಿನಲ್ಲಿ. ಅಲ್ಲಿಯವರೂ ಇದೇ ಬಳ್ಳಿಯ ಬೆನ್ನು ಹತ್ತಿದ್ದಾರೆಂದು ಎಲ್ಲರಿಗೂ ಗೊತ್ತು. ಟೀ ಯಾಕೆ ಬಂತೆಂದು ಅವಳಿಗೆ ಈಗ ಅರ್ಥವಾಯಿತು. ಅರ್ಥವಾದದ್ದಕ್ಕೆ ಅಳು ಯಾಕೆ ಬಂತೆಂದು ಮಾತ್ರ ಅರ್ಥವಾಗಲಿಲ್ಲ.

ಮಂಗಳವಾರ ಊಟದ ಹೊತ್ತಿಗೆ ಎಲ್ಲರೂ ಹೊರಟ ಮೇಲೆ ಅವಳು ಸದ್ದಿಲ್ಲದೆ ಯಂತ್ರದ ಕೋಣೆಗೆ ಬಂದಳು. ಮಿನ್‌ಹಾನ್‌ನ ಊಟದ ಡಬ್ಬಿ ಮುಚ್ಚಿಯೇ ಇತ್ತು. ಅವನ ಕೈಯಲ್ಲಿ ಅವಳ ಸೀಸೆಯಿತ್ತು, ತಳದಲ್ಲಿ ಒಂದೆರಡು ಹನಿ ಮಾತ್ರ. ರಿಜಿಸ್ಟರಿನಲ್ಲಿ ಆ ಹೊತ್ತಿನ ಸಾಲು ಖಾಲಿಯಿತ್ತು.

“ಯಾರಿಗೆ ಕಳಿಸ್ತಿದ್ದೀರಿ?”

ಅವನು ಬೆಚ್ಚಿದ. “ಏನನ್ನ?”

“ನನ್ನ ಮೂರು ವರ್ಷಾನ. ತೈಪೆಯೋರು ಏನು ಕೊಡ್ತಾರೆ?”

“ತೈಪೆಯೋರ ಜೊತೆ ಮಾತು ಬಿಟ್ಟು ಎರಡು ವರ್ಷ ಆಯ್ತು. ಇಲ್ಲಿ ನೋಡಿ,” ಎಂದು ಅವನು ಪರದೆಯನ್ನು ಅವಳತ್ತ ತಿರುಗಿಸಿದ. ಗ್ರಾಫಿನ ಗೆರೆಯಲ್ಲಿ ಎರಡು ಗುಡ್ಡಗಳು, ಒಂದೇ ಕೊಡೆಯಡಿ ನಿಂತ ಇಬ್ಬರಂತೆ ಒತ್ತಿಕೊಂಡಿದ್ದವು.

“ನಿಮ್ಮದ್ರಲ್ಲಿ ಎರಡಿವೆ. ತೂಕ ಒಂದೇ, ಅದಕ್ಕೇ ಯಂತ್ರ ಒಂದೇ ಅಂತು. ಉದ್ದದ ಕೊಳವೇಲಿ ನಿಧಾನಕ್ಕೆ ಬಿಟ್ರೆ ಬೇರೆ ಆಗ್ತವೆ. ಒಡೆದು ನೋಡಿದ್ರೆ ಚೂರುಗಳೂ ಬೇರೆ. ದೊಡ್ಡದು ಹಳೇದು, ಪುಸ್ತಕದಲ್ಲಿದೆ. ಚಿಕ್ಕದು ಎಲ್ಲೂ ಇಲ್ಲ.”

“ಯಾಕೆ ಹೇಳ್ಲಿಲ್ಲ?”

“ನಾನೇ ತಪ್ಪಿದ್ರೆ? ನಿಮ್ಮ ನಿದ್ದೆ ಕೆಡಿಸಿ ಆಮೇಲೆ ಸಾರಿ ಅನ್ಬೇಕಿತ್ತಾ? ಖಾತ್ರಿ ಆಗ್ಲಿ ಅಂತ ಏಳು ಸಲ ಹಾಕಿ ನೋಡ್ದೆ.”

“ಏಳಿ ಮೇಲೆ,” ಎಂದಳು. ಯಾರ ಮಾತನ್ನೂ ನಂಬುವ ಸ್ಥಿತಿಯಲ್ಲಿ ಅವಳಿರಲಿಲ್ಲ. ತಾನೇ ಕೂತು, ತನ್ನ ಕೈಯಾರೆ ಹನಿ ಹಾಕಿ, ನಲವತ್ತು ನಿಮಿಷ ಕಾದಳು.

ಕಾಯುವಾಗ ಕಣ್ಣು ಯಂತ್ರದ ನೆತ್ತಿಗೆ ಹೋಯಿತು. ಯಂತ್ರ ಹೇಳಿದ ಮಾತು ಕೇಳಲಿ ಎಂದು ಅಲ್ಲಿನ ಲ್ಯಾಬುಗಳಲ್ಲಿ ಎಲ್ಲರೂ ಇಡುವ ಹಸಿರು ಕುರುಕಲು ಪೊಟ್ಟಣ ಅಲ್ಲಿತ್ತು. ಅದರ ಮೇಲೆ ಯಂತ್ರದ ಹೆಸರು ಬರೆಯುವುದು ವಾಡಿಕೆ. ಇದರ ಮೇಲೆ ಮಾರ್ಕರಿನಲ್ಲಿ ಬೇರೆಯೇ ಬರೆದಿತ್ತು: ‘ಸೂಯಿನ್ ಕಣ್ಣಲ್ಲಿ ನೀರು ತರಿಸಬೇಡ.’ ಕೆಳಗಿದ್ದ ತಾರೀಖಿಗೆ ಆಗಲೇ ಅರ್ಧ ವರ್ಷವಾಗಿತ್ತು.

“ಎಲ್ಲರ ಹೆಸರೂ ಬರೀತೀರಾ?”

“ಇಲ್ಲ.”

“ಎಲ್ಲರ ಸ್ಯಾಂಪಲ್ಲೂ ಏಳು ಸಲ ನೋಡ್ತೀರಾ?”

“ಉಳಿದೋರಿಗೆ ಒಂದೇ ಸಲ.” ಅವನ ಕಿವಿಗಳು ಕೆಂಪಾಗಿದ್ದವು.

ಪರದೆಯ ಮೇಲೆ ಎರಡು ಗುಡ್ಡಗಳು ಎದ್ದವು. ಸೂಯಿನ್ ಫೋನು ತೆಗೆದು ಪ್ರೊಫೆಸರಿಗೆ ಹೇಳಿದಳು: “ಸರ್, ಶುಕ್ರವಾರ ಬೇಡ. ನನ್ನದು ಶುದ್ಧ ಅಲ್ಲ.” ಅತ್ತಲಿಂದ ಬಂದದ್ದೆಲ್ಲವನ್ನೂ ಕೇಳಿಸಿಕೊಂಡಳು. ಫೋನು ಇಟ್ಟು ಕಣ್ಣೊರೆಸಿಕೊಂಡಳು.

“ಚಿಕ್ಕದು ಎಷ್ಟು ಉಳಿದಿದೆ?”

“ಏನೂ ಇಲ್ಲ. ಕೊನೇ ಹನಿ ಈಗ ನೀವೇ ಹಾಕಿದ್ರಿ.”

ಅಳುತ್ತಿದ್ದವಳಿಗೆ ನಗು ಬಂತು. “ಹಾಗಾದ್ರೆ ಇನ್ನೂ ಐದು ಕೆಜಿ ಬೇರು ಬೇಕು. ಬೆಟ್ಟ ಹತ್ತಿ ಅಗೀಬೇಕು. ಜಿಗಣೆ ಇರ್ತವೆ.”

“ನನಗೆ ರಜೆ ಇದೆ.”

“ನಾನು ಅನುಮಾನದೋಳು. ದಾರಿಯುದ್ದಕ್ಕೂ ಪ್ರಶ್ನೆ ಕೇಳ್ತಾನೇ ಇರ್ತೀನಿ.”

“ಕೇಳಿ. ನಿಮ್ಮನ್ನ ಪ್ರೀತಿಸ್ತೀನಿ ಅನ್ನೋದೊಂದನ್ನ ಬಚ್ಚಿಟ್ಟಿದ್ದೆ. ಈಗ ಅದೂ ಹೇಳಾಯ್ತು.”

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಹುಡುಕಿದರೂ ಸುಳ್ಳು ಸಿಗಲಿಲ್ಲ.

“ಶನಿವಾರ ಬೆಳಗ್ಗೆ ಆರಕ್ಕೆ ಸ್ಟೇಷನ್‌ಗೆ ಬಾ,” ಎಂದಳು. ಬನ್ನಿ ಎನ್ನಲಿಲ್ಲ.